ಹೊಳೆ ಪಕ್ಕದ ದಾರಿ ಹುಡುಕಿಕೊಂಡು

ಮೂರು ದಿನ ಸೈಕಲ್ ತುಳಿದು ಮನೆಗೆ ಬಂದ ರಾತ್ರಿ, ಕಾಲಿಗೆ ಕೊಬ್ಬರಿ ಎಣ್ಣೆ ತಿಕ್ಕಿಕೊಳ್ಳುತ್ತಾ ಮೊಬೈಲ್ ನೋಡುತ್ತಿದ್ದೆ. ಎಷ್ಟು ದೂರ ಹೋದೆ, ಎಷ್ಟು ಏರಿದೆ ಅಂತ ಲೆಕ್ಕ ಇಡುವ ಆ್ಯಪ್ ಇರುತ್ತಲ್ಲ, ಅದನ್ನು. ಮೊದಲ ದಿನ ಬೆಂಗಳೂರಿನಿಂದ ಶಿವನಸಮುದ್ರ. ಬೆಂಗಳೂರು ಇರುವುದು ಸಮುದ್ರ ಮಟ್ಟದಿಂದ 900 ಮೀಟರ್ ಮೇಲೆ. ಶಿವನಸಮುದ್ರ ಅದಕ್ಕಿಂತ ಎಷ್ಟೋ ಕೆಳಗೆ. ಅಂದರೆ ಇಳಿಯೋದೇ ಜಾಸ್ತಿ ಇರಬೇಕು, ಅಲ್ವಾ? ಆ್ಯಪ್ ಪ್ರಕಾರ ನಾನು ಆ ದಿನ ಏರಿದ್ದು ಹತ್ತಿರ ಹತ್ತಿರ 1000 ಮೀಟರ್. ಸರಿ, ಅದು ಹೈವೇ, ಬಿಡೋಣ. ಎರಡನೇ ದಿನ ತಲಕಾಡು, ತಿ. ನರಸೀಪುರ, ಸೋಮನಾಥಪುರ, ಬನ್ನೂರು, ಶ್ರೀರಂಗಪಟ್ಟಣ. ಪೂರ್ತಿ ಕಾವೇರಿ ಸೀಮೆ. ಅಲ್ಲೂ ಆ್ಯಪಿನಲ್ಲಿ ಏರು ಇಳಿಜಾರು ತೋರಿಸುವ ಗೆರೆ ಗರಗಸದ ಹಲ್ಲಿನ ಥರಾನೇ ಇತ್ತು. ಕಾಲಿಗೆ ಅದು ಮೊದಲೇ ಗೊತ್ತಿತ್ತು. ತಲೆಗೆ ಗೊತ್ತಾಗಿದ್ದು ಆ ಗೆರೆ ನೋಡಿದ ಮೇಲೆ.

ಆವತ್ತಿನಿಂದ ಒಂದು ಪ್ರಶ್ನೆ ಕೊರೆಯುತ್ತಾ ಇತ್ತು. ಹೊಳೆ ಇರುವುದು ಇಳಿಜಾರಿನಲ್ಲಿ. ಅದು ಒಂದು ಕಡೆಯೂ ಮೇಲಕ್ಕೆ ಹತ್ತುವುದಿಲ್ಲ. ಅದರ ಪಕ್ಕದಲ್ಲೇ ಹೋದರೆ ನಾನೂ ಹತ್ತಬಾರದು. ಹಾಗಿದ್ದರೆ ಮೂರು ದಿನ ಕಾವೇರಿ ಜೊತೆ ಹೋದೆ ಅಂದುಕೊಂಡಿದ್ದ ನಾನು ನಿಜವಾಗಿ ಎಲ್ಲಿ ಹೋಗುತ್ತಿದ್ದೆ?

ಡ್ಯಾನ್ಯೂಬ್ ಫೋಟೋಗಳ ಕಿತಾಪತಿ

ಇದೆಲ್ಲ ಶುರುವಾಗಿದ್ದು ನನ್ನ ಸ್ಕೂಲ್ ಗೆಳೆಯನಿಂದ. ಅಪ್ಪಟ ಮಂಡ್ಯದ ಹುಡುಗ, ಈಗ ಜರ್ಮನಿಯಲ್ಲಿದ್ದಾನೆ. ಒಂದು ಬೇಸಿಗೆ ರಜೆಯಲ್ಲಿ ಹೆಂಡತಿ ಮಕ್ಕಳ ಜೊತೆ ಪಸಾವ್ ಅನ್ನುವ ಊರಿನಿಂದ ವಿಯೆನ್ನಾವರೆಗೆ, ಡ್ಯಾನ್ಯೂಬ್ ನದಿಯ ದಡದ ಮೇಲೆ ಸೈಕಲ್ಲಿನಲ್ಲಿ ಹೋಗಿಬಂದ. 300 ಕಿಲೋಮೀಟರಿಗೂ ಜಾಸ್ತಿ. ಚಿಕ್ಕ ಮಗಳು ಸೈಕಲ್ಲಿನ ಹಿಂದೆ ಕಟ್ಟಿದ ಪುಟ್ಟ ಗಾಡಿಯಲ್ಲಿ ನಿದ್ದೆ ಮಾಡುತ್ತಿದ್ದಾಳೆ, ಪಕ್ಕದಲ್ಲಿ ನದಿ, ಆಚೆ ದಡದಲ್ಲಿ ದ್ರಾಕ್ಷಿ ತೋಟ. ಇಂಥ ಫೋಟೋಗಳು ದಿನಕ್ಕೆ ಇಪ್ಪತ್ತು. ಫೋನ್ ಮಾಡಿ ಕೇಳಿದರೆ "ಗೇರ್ ಬದಲಾಯಿಸಿದ್ದೇ ನೆನಪಿಲ್ಲ ಕಣೋ" ಅಂದ. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ನನಗೆ ಬೆಟ್ಟ ಹತ್ತುವ ಚಟ ಇಲ್ಲ. ಬೆಂಗಳೂರಿನ ಸೈಕಲ್ ಜನಕ್ಕೆ ಭಾನುವಾರ ಬೆಳಿಗ್ಗೆ ನಂದಿಬೆಟ್ಟ ಹತ್ತಿ ಎಷ್ಟು ನಿಮಿಷ ಆಯ್ತು ಅಂತ ಹಾಕಿಕೊಳ್ಳದಿದ್ದರೆ ತಿಂಡಿ ಸೇರುವುದಿಲ್ಲ. ನಾನು ಆ ಜಾತಿ ಅಲ್ಲ. ನನ್ನದು ಕ್ಯಾರಿಯರಿಗೆ ಎರಡು ಬ್ಯಾಗ್ ನೇತುಹಾಕಿಕೊಂಡು, ಟೀ ಅಂಗಡಿ ಕಂಡಲ್ಲೆಲ್ಲ ನಿಲ್ಲಿಸಿಕೊಂಡು, ಗಂಟೆಗೆ ಹದಿನೈದು ಕಿಲೋಮೀಟರಿನಲ್ಲಿ ಹೋಗುವ ಸವಾರಿ. ಅಂಥವರಿಗೆ ನದಿ ದಂಡೆಯೇ ಸರಿ ಅನ್ನಿಸಿತು. ಡ್ಯಾನ್ಯೂಬ್ ಇಲ್ಲದಿದ್ದರೆ ಕಾವೇರಿ ಇದೆಯಲ್ಲ. ಅದೂ ನನ್ನ ಅಜ್ಜಿಯ ಸೀಮೆ. ಬಸ್ಸಿನ ಕಿಟಕಿಗೆ ತಲೆ ಆನಿಸಿಕೊಂಡು ನಿದ್ದೆ ಮಾಡುತ್ತಾ ಎಷ್ಟೋ ಸಲ ಹೋದ ರಸ್ತೆ. ಬಸ್ಸಿನಲ್ಲಿ ಅದು ಸಮತಟ್ಟಾಗಿಯೇ ಇತ್ತು, ದೇವರಾಣೆ.

ಗೆಣ್ಣಿನ ಮೇಲಿನ ಇರುವೆ

2022ರ ಡಿಸೆಂಬರ್. ಬೆಳಿಗ್ಗೆ ಐದಕ್ಕೆ ಹೊರಟು ಕನಕಪುರ ರಸ್ತೆ ಹಿಡಿದೆ. ಊರು ದಾಟುವವರೆಗಿನ ಗೋಳು ಎಲ್ಲರಿಗೂ ಗೊತ್ತಿರೋದೇ. ಹಾರೋಹಳ್ಳಿ ದಾಟಿದ ಮೇಲೆ ಬೆಳಕು ಬಂತು. ಕನಕಪುರದಲ್ಲಿ ಅರ್ಕಾವತಿಗೆ ಇಳಿದೆ, ಮತ್ತೆ ಹತ್ತಿದೆ. ಸಾತನೂರಿನ ಕಡೆ ಒಂದಾದ ಮೇಲೆ ಒಂದು ದಿಣ್ಣೆ. ಹಲಗೂರು ದಾಟಿ ಶಿಂಷಾ ನದಿಗೆ ಇಳಿದೆ, ಮಳವಳ್ಳಿಗೆ ಮತ್ತೆ ಹತ್ತಿದೆ. ಇವೆರಡು ಹೆಸರಿರುವ ನದಿಗಳು. ಹೆಸರು ಗೊತ್ತಿಲ್ಲದ ಹಳ್ಳ, ಕೊರಕಲು, ಕೆರೆ ಕೋಡಿಗಳನ್ನು ಎಣಿಸಲೇ ಇಲ್ಲ. ಪ್ರತಿಯೊಂದಕ್ಕೂ ಒಂದು ಇಳಿಜಾರು, ಒಂದು ಏರು. ಇಳಿಜಾರು ಒಂದೇ ನಿಮಿಷಕ್ಕೆ ಮುಗಿದುಹೋಗುತ್ತದೆ. ಏರು ಮಾತ್ರ ಹತ್ತು ನಿಮಿಷ ಜೊತೆಗಿರುತ್ತದೆ.

ಆಮೇಲೆ ಕೂತು ಯೋಚಿಸಿದಾಗ ತೀರಾ ಸರಳವಾದ ವಿಷಯ ಅನ್ನಿಸಿತು. ಈ ಹಳ್ಳಗಳೆಲ್ಲ ಹೋಗುತ್ತಿರುವುದು ಕಾವೇರಿಗೆ. ಒಂದೊಂದೂ ನೆಲವನ್ನು ತನ್ನ ಅಳತೆಗೆ ಕೊರೆದುಕೊಂಡಿದೆ. ನಮ್ಮ ರಸ್ತೆ ಅವುಗಳ ಜೊತೆ ಹೋಗುವುದಿಲ್ಲ, ಅವುಗಳನ್ನು ಅಡ್ಡಡ್ಡ ದಾಟಿಕೊಂಡು ಹೋಗುತ್ತದೆ. ಮುಷ್ಟಿ ಹಿಡಿದು ಗೆಣ್ಣುಗಳ ಮೇಲೆ ಇರುವೆ ಬಿಟ್ಟು ನೋಡಿ. ಅದರ ಪಾಡೇ ನನ್ನ ಪಾಡು. ನೀರು ಬೆರಳಿನ ಸಂದಿಯಲ್ಲಿ ಆರಾಮಾಗಿ ಹರಿದು ಹೋಗುತ್ತದೆ, ಇರುವೆ ಮಾತ್ರ ಹತ್ತಿ ಇಳಿದು ಹತ್ತಿ ಇಳಿದು.

ಇದೇ ರಸ್ತೆಯಲ್ಲಿ ಇನ್ನೊಂದು ತಮಾಷೆ. ಹಲಗೂರಿನ ಹತ್ತಿರದ ತೊರೆಕಾಡನಹಳ್ಳಿಯಿಂದ ಬೆಂಗಳೂರಿಗೆ ಕಾವೇರಿ ನೀರು ಬರುವ ಕೊಳವೆಗಳು ಇದೇ ದಿಕ್ಕಿನಲ್ಲಿ ಬರುತ್ತವೆ. ನಾವೆಲ್ಲ ಟಿ.ಕೆ. ಹಳ್ಳಿ ಅನ್ನುತ್ತೇವಲ್ಲ, ಅದೇ ಊರು. ಸುಮಾರು 100 ಕಿಲೋಮೀಟರ್ ದೂರ. ಟಿ.ಕೆ. ಹಳ್ಳಿ, ಹಾರೋಹಳ್ಳಿ, ತಾತಗುಣಿ ಹೀಗೆ ಮೂರು ಕಡೆ ಪಂಪು ಮಾಡಿ, ಒಟ್ಟು ಸುಮಾರು 500 ಮೀಟರ್ ಎತ್ತಿ ತರುತ್ತಾರೆ. ನಾನು ಏದುಸಿರು ಬಿಡುತ್ತಾ ಬಾಟಲಿ ತೆಗೆದು ಕುಡಿದೆ. ಮನೆ ನಲ್ಲಿಯಲ್ಲಿ ತುಂಬಿಸಿಕೊಂಡ ನೀರು. ಮೂರು ಪಂಪಿನಲ್ಲಿ ಮೇಲೆ ಹತ್ತಿಸಿದ ನೀರನ್ನು ಕ್ಯಾರಿಯರಿನಲ್ಲಿ ಇಟ್ಟುಕೊಂಡು ವಾಪಸ್ ಅದರ ಊರಿಗೇ ಬಿಡಲು ಹೊರಟ ಹಾಗಾಯಿತು.

ಹುರುಳಿ ಹಾಸಿದ ರಸ್ತೆ

ಎರಡನೇ ದಿನ ಬೆಳಿಗ್ಗೆ ಬೆಳಕವಾಡಿ ದಾಟಿ ತಲಕಾಡಿನ ಕಡೆ ತಿರುಗಿದ್ದೆ. ಇಬ್ಬನಿ ಇನ್ನೂ ಆರಿರಲಿಲ್ಲ. ಇದು ಚಿಕ್ಕ ರಸ್ತೆ, ಹೊಳೆ ಎಡಗಡೆ ಎಲ್ಲೋ ಹತ್ತಿರದಲ್ಲೇ ಇದೆ ಅಂತ ಮ್ಯಾಪು ಹೇಳುತ್ತಿತ್ತು. ಕಣ್ಣಿಗೆ ಮಾತ್ರ ಒಂದು ಸಲವೂ ಕಂಡಿರಲಿಲ್ಲ. ಒಂದು ದಿಣ್ಣೆ ಹತ್ತಿ ಮೇಲೆ ಬಂದರೆ ರಸ್ತೆ ಪೂರ್ತಿ ಹುರುಳಿ. ಬುಡಸಮೇತ ಕಿತ್ತು ಒಣಗಿಸಿದ ಗಿಡಗಳನ್ನು ಡಾಂಬರಿನ ಮೇಲೆ ಐವತ್ತು ಅರವತ್ತು ಅಡಿ ಉದ್ದಕ್ಕೆ ಹಾಸಿದ್ದರು. ಕಾರಿನಲ್ಲಿ ಹೋಗುವಾಗ ಚಟಚಟ ಅನ್ನುವ ಸದ್ದಿಗೆ ಖುಷಿಪಟ್ಟು ಮುಂದೆ ಹೋಗಿಬಿಡುತ್ತೇವೆ. ಸೈಕಲ್ಲಿನಲ್ಲೂ ಹಾಗೇ ಹೋಗಬಹುದು ಅಂದುಕೊಂಡೆ. ಹತ್ತು ಅಡಿ ಹೋಗಿರಬಹುದು. ಹಿಂದಿನ ಚಕ್ರಕ್ಕೆ ಒಂದು ಬಳ್ಳಿ ಸಿಕ್ಕಿತು, ಅದು ಇನ್ನೊಂದನ್ನು ಎಳೆಯಿತು, ಅದು ಮತ್ತೊಂದನ್ನು. ಗೇರ್ ಬದಲಾಯಿಸುವ ಆ ಪುಟ್ಟ ಚಕ್ರಗಳಿಗೆಲ್ಲ ಸುತ್ತಿಕೊಂಡು ಚೈನು ಗಟ್ಟಿ ಹಿಡಿದು ನಿಂತುಬಿಟ್ಟಿತು. ಬೀಳಲಿಲ್ಲ. ಆದರೆ ಕಾಲು ಊರಿದ ರೀತಿ ನೋಡಿದವರಿಗೆ ಬಿದ್ದದ್ದಕ್ಕಿಂತ ಜಾಸ್ತಿ ನಗು ಬರುವಂತಿತ್ತು.

ಹೊಂಗೆ ಮರದ ಕೆಳಗೆ ಮೊರ ಪಕ್ಕದಲ್ಲಿಟ್ಟುಕೊಂಡು ಒಬ್ಬ ಅಜ್ಜಿ ಕೂತಿದ್ದರು. ಎದ್ದು ಬಂದರು. "ಅಯ್ಯೋ, ಸೈಕಲ್ ಯಾಕ್ ಬುಟ್ರಿ ಸಾಮಿ ಇದ್ರ ಮ್ಯಾಲೆ? ಲಾರಿ ಬಂದ್ರೆ ಕಾಳು ಉದುರ್ತದೆ. ನಿಮ್ ಸೈಕಲ್ ತೂಕ್ಕೆ ಒಂದ್ ಕಾಳೂ ಉದುರಾಕಿಲ್ಲ" ಅಂದರು. ಹುರುಳಿ ನನಗೆ ಅಡ್ಡ ಬಂತಲ್ಲ ಅಂತ ಅವರಿಗೆ ಬೇಜಾರಲ್ಲ, ನನ್ನಿಂದ ಕೆಲಸ ಆಗಲಿಲ್ಲವಲ್ಲ ಅಂತ. ಸೊಂಟದಿಂದ ಕುಡುಗೋಲು ತೆಗೆದು ಅವರೇ ಚಕ್ರದ ಪಕ್ಕ ಕುಕ್ಕರುಗಾಲಿನಲ್ಲಿ ಕೂತರು. ನಾನು ಪೆಡಲ್ ಹಿಂದಕ್ಕೆ ತಿರುಗಿಸೋದು, ಅವರು ಬಳ್ಳಿ ಕೊಯ್ದು ಎಳೆಯೋದು. ಎಳೆದ ಒಂದೊಂದು ಎಳೆಯನ್ನೂ ಕೈಯಲ್ಲಿ ಉಜ್ಜಿ, ಕಾಯಿ ಇದ್ದರೆ ಬಿಡಿಸಿ ಕಾಳನ್ನು ಮಡಿಲಿಗೆ ಹಾಕಿಕೊಳ್ಳುತ್ತಿದ್ದರು. ಚೈನಿನ ಎಣ್ಣೆ ಅಂಟಿದ ಕಾಳುಗಳನ್ನು ಮಾತ್ರ ಒಂದು ಕ್ಷಣ ನೋಡಿ ಬಿಸಾಕಿದರು.

"ಎಲ್ಲಿಂದ ಬತ್ತಾ ಇದೀರಾ?"

"ಬೆಂಗಳೂರಿಂದ, ಅವ್ವಾ."

"ಸೈಕಲ್ನಾಗೇ?" ಅಂತ ಕೇಳಿ, ಸ್ವಲ್ಪ ಹೊತ್ತು ಬಿಟ್ಟು, "ಹರಕೆನಾ?" ಅಂದರು. ತಲಕಾಡಿನ ದಾರಿ ಅಲ್ವಾ, ಪಂಚಲಿಂಗಕ್ಕೆ ಏನೋ ಹೊತ್ತುಕೊಂಡಿದ್ದಾನೆ ಅಂದುಕೊಂಡಿರಬೇಕು. ಹೂಂ ಅಂದೆ. ಸುಮ್ನೆ ಬಂದೆ ಅಂದಿದ್ದರೆ ಅದನ್ನು ವಿವರಿಸುವಷ್ಟು ಧೈರ್ಯ ನನಗಿರಲಿಲ್ಲ.

ಹೊರಡುವ ಮುಂಚೆ ನಾನು ಸುಮ್ಮನಿರಲಾರದೆ ಕೇಳಿದೆ, ಇಷ್ಟು ಎತ್ತರದಲ್ಲಿ ತಂದು ಯಾಕೆ ಹಾಕಿದ್ದೀರಿ, ಕೆಳಗೆ ಊರ ಹತ್ತಿರವೇ ಹಾಕಬಹುದಿತ್ತಲ್ಲ ಅಂತ. ಅವರು ನನ್ನ ಮುಖ ನೋಡಿದ ರೀತಿ ನೋಡಿದರೆ ಹರಕೆ ಹೊತ್ತಿರುವುದೇ ಬುದ್ಧಿ ಬರಲಿ ಅಂತ ಇರಬೇಕು ಅಂದುಕೊಂಡ ಹಾಗಿತ್ತು. "ಇದು ಮೇಡು ಕಣಪ್ಪ. ಇಲ್ಲಿ ಗಾಳಿ ಬೀಸ್ತದೆ, ತೂರೋಕೆ ಆಯ್ತದೆ. ಹೊಳೆ ತಾವ ಗಾಳಿ ಎಲ್ಲೈತೆ? ಇಬ್ಬನಿ ಬಿದ್ದು ಎಲ್ಲಾ ಮೆತ್ತಗಾಯ್ತದೆ. ಅಲ್ಲಿ ಗದ್ದೆ ಐತೆ, ರೋಡ್ ಎಲ್ಲೈತೆ?"

ಆಗ ಅದು ಕಿವಿಗೆ ಬಿತ್ತು ಅಷ್ಟೇ. ಆ್ಯಪಿನ ಗೆರೆ ನೋಡಿದ ರಾತ್ರಿ ಅದು ತಲೆಗೆ ಬಂತು. ಅಲ್ಲಿ ಗದ್ದೆ ಐತೆ, ರೋಡ್ ಎಲ್ಲೈತೆ. ಹೊಳೆ ಪಕ್ಕದ ನೆಲ ಎಂದರೆ ಭತ್ತದ ಗದ್ದೆ. ಹಿಡಿ ಮಣ್ಣಿಗೂ ಬೆಲೆ. ಕಾಲಿಟ್ಟರೆ ಹೂತುಹೋಗುವ ಕೆಸರು. ಪ್ರವಾಹ ಬಂದರೆ ಮೊದಲು ಮುಳುಗುವುದೂ ಅದೇ. ಅಂಥ ಜಾಗದಲ್ಲಿ ಗಾಡಿ ದಾರಿ ಮಾಡುವ ದಡ್ಡ ಯಾವ ಕಾಲದಲ್ಲೂ ಇರಲಿಲ್ಲ. ದಾರಿ ಆಗಿದ್ದು ಮೇಡಿನ ಮೇಲೆ, ಮಳೆ ನಂಬಿಕೊಂಡ ಬೆದ್ದಲಿನಲ್ಲಿ, ಮಳೆಗಾಲದಲ್ಲೂ ಎತ್ತಿನ ಗಾಡಿ ಹೂಳದ ಗಟ್ಟಿ ನೆಲದಲ್ಲಿ. ಅದರ ಮೇಲೇ ಆಮೇಲೆ ಡಾಂಬರು ಬಂತು.

ಹೊಳೆಗೆ ಹೋಗೋ ದಾರಿ

ತಿ. ನರಸೀಪುರದಲ್ಲಿ ಕಪಿಲೆ ಕಾವೇರಿ ಸೇರುವ ಜಾಗ ನೋಡಿಕೊಂಡು, ಬಸ್‌ಸ್ಟ್ಯಾಂಡ್ ಹತ್ತಿರ ಟೀ ಕುಡಿಯುವಾಗ ಅಂಗಡಿಯವರನ್ನು ಕೇಳಿದ್ದೆ, ಇಲ್ಲಿಂದ ಹೊಳೆ ಪಕ್ಕದಲ್ಲೇ ಶ್ರೀರಂಗಪಟ್ಟಣದವರೆಗೆ ರಸ್ತೆ ಇದೆಯಾ ಅಂತ. "ಹೊಳೆಗೆ ಹೋಗೋ ದಾರಿ ಬೇಕಾದಷ್ಟು ಐತೆ ಸಾರ್. ಹೊಳೆ ಪಕ್ಕ ಹೋಗೋ ದಾರಿ ಯಾಕೆ?" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಬನ್ನ್ ಒಂದು ಜಾಸ್ತಿ ತಿಂದೆ.

ಅವರು ಹೇಳಿದ್ದು ನಿಜ. ಮೂರು ದಿನದಲ್ಲಿ ಕಾವೇರಿ ಕಂಡದ್ದು ಎರಡೇ ಬಗೆಯಲ್ಲಿ. ಒಂದು, ಸೇತುವೆ ಮೇಲೆ. ಇನ್ನೊಂದು, ಊರಿನ ಬೀದಿ ಮುಗಿದು ಮೆಟ್ಟಿಲು ಶುರುವಾಗುವ ಕಡೆ. ಸ್ನಾನಕ್ಕೆ, ಬಟ್ಟೆ ಒಗೆಯಲು, ಎಮ್ಮೆ ತೊಳೆಯಲು, ಹೆಣ ಸುಡಲು, ದೇವರಿಗೆ. ದಾರಿ ನೇರ ಹೊಳೆಗೆ ಹೋಗುತ್ತದೆ, ಅಲ್ಲಿಗೆ ನಿಲ್ಲುತ್ತದೆ, ಇಲ್ಲವೇ ದಾಟಿ ಆಚೆ ಹೋಗುತ್ತದೆ. ನಮ್ಮ ಮೂರು ರಂಗನಾಥರನ್ನೇ ನೋಡಿ. ಶ್ರೀರಂಗಪಟ್ಟಣದ ಆದಿರಂಗ, ಶಿವನಸಮುದ್ರದ ಮಧ್ಯರಂಗ, ತಮಿಳುನಾಡಿನ ಶ್ರೀರಂಗದ ಅಂತ್ಯರಂಗ. ಮೂವರೂ ಮಲಗಿರುವುದು ಕಾವೇರಿ ನಡುವಿನ ದ್ವೀಪಗಳಲ್ಲಿ. ಹೊಳೆ ದಾಟದೆ ದರ್ಶನ ಇಲ್ಲ. ಶ್ರೀರಂಗಪಟ್ಟಣದಲ್ಲಿ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ ಆದ ವೆಲ್ಲೆಸ್ಲಿ ಸೇತುವೆಯ ಕಲ್ಲಿನ ಕಂಬಗಳು ಇವತ್ತೂ ಅಲ್ಲಿವೆ. ಸೇತುವೆ ಇಲ್ಲದ ಕಡೆ ಹರಿಗೋಲು. ಅದೂ ದಾಟಲಿಕ್ಕೇ. ಹರಿಗೋಲಿನಲ್ಲಿ ಯಾರೂ ಊರಿಂದೂರಿಗೆ ಹೊಳೆಗುಂಟ ಪ್ರಯಾಣ ಮಾಡಲಿಲ್ಲ. ಮಾಡುವ ಹಾಗೂ ಇಲ್ಲ, ಸ್ವಲ್ಪ ದೂರಕ್ಕೊಂದು ಬಂಡೆ ಸಾಲು, ಅಣೆಕಟ್ಟೆ. ಆಮೇಲೆ ಗಗನಚುಕ್ಕಿ.

ಡ್ಯಾನ್ಯೂಬಿನ ಗುಟ್ಟು ಇಲ್ಲೇ ಇದೆ. ಗೆಳೆಯನ ಹತ್ತಿರ ಮತ್ತೆ ಮಾತಾಡಿದಾಗ ಗೊತ್ತಾಯಿತು, ಅವನು ಹೋದ ದಾರಿಯ ಎಷ್ಟೋ ಭಾಗ ಹಿಂದೆ ಕುದುರೆಗಳು ನಡೆದ ದಾರಿ. ಹಡಗಿಗೆ ಎಂಜಿನ್ ಬರುವ ಮುಂಚೆ ಸರಕಿನ ದೋಣಿಗಳನ್ನು ಹರಿವಿಗೆ ಎದುರಾಗಿ ಕುದುರೆಗಳಿಂದ ಹಗ್ಗ ಕಟ್ಟಿ ಎಳೆಸುತ್ತಿದ್ದರು. ದೋಣಿ ಎಳೆಯುವ ಕುದುರೆ ನೀರಿನ ಅಂಚಿನಲ್ಲೇ ನಡೆಯಬೇಕು, ದಿಣ್ಣೆ ಹತ್ತಿ ಇಳಿದರೆ ಹಗ್ಗ ನಿಲ್ಲುವುದಿಲ್ಲ. ಹಾಗಾಗಿ ದಂಡೆಯುದ್ದಕ್ಕೂ ಮಟ್ಟಸವಾದ ದಾರಿ ಆಯಿತು. ಕುದುರೆ ಹೋದವು, ದಾರಿ ಉಳಿಯಿತು, ಅದರ ಮೇಲೆ ಸೈಕಲ್ ಬಂದವು. ನಮ್ಮಲ್ಲಿ ಎಳೆಯಲು ದೋಣಿಯೇ ಇರಲಿಲ್ಲ. ಹೊಳೆಯ ಜೊತೆ ನಡೆಯುವ ಕೆಲಸವೇ ಯಾರಿಗೂ ಬರಲಿಲ್ಲ.

ಯಾರಿಗೂ ಬರಲಿಲ್ಲ ಅಂತಲೇ ಒಂದೂವರೆ ವರ್ಷ ಅಂದುಕೊಂಡಿದ್ದೆ. ಆಮೇಲೆ ಹೊಳೆದದ್ದು, ಬಂದಿತ್ತು. ಮಂಡ್ಯದಲ್ಲೇ ಬೆಳೆದ ನನಗೆ ಇಷ್ಟು ತಡವಾಗಿ ಹೊಳೆಯಬೇಕೆ!

ನಾಲೆ ಏರಿ

ನಾಲೆಗೆ ಹತ್ತುವುದಕ್ಕೆ ಬರುವುದಿಲ್ಲ. ದಿಣ್ಣೆ ಬಂದರೆ ಸುತ್ತುತ್ತದೆ, ಹಳ್ಳ ಬಂದರೆ ಅದರ ಮೇಲೆ ತೊಟ್ಟಿ ಕಟ್ಟಿಸಿಕೊಂಡು ದಾಟುತ್ತದೆ. ಗೆಣ್ಣಿನ ಮೇಲಿನ ಇರುವೆಯ ಕಷ್ಟ ಅದಕ್ಕಿಲ್ಲ. ದೊಡ್ಡ ನಾಲೆಗಳಿಗೆ ಸಾಮಾನ್ಯವಾಗಿ ಕಿಲೋಮೀಟರಿಗೆ ಒಂದು ಗೇಣಿನಷ್ಟು ಇಳಿಜಾರು ಕೊಟ್ಟರೆ ಸಾಕು, ನೀರು ತಾನಾಗಿ ಹೋಗುತ್ತದೆ. ಜಾಸ್ತಿ ಕೊಟ್ಟರೆ ಮಣ್ಣು ಕೊಚ್ಚುತ್ತದೆ, ಕಮ್ಮಿ ಕೊಟ್ಟರೆ ಹೂಳು ತುಂಬುತ್ತದೆ. ಆ ಒಂದು ಗೇಣನ್ನು ಹಿಡಿದುಕೊಂಡು ಕಾವೇರಿ ಬಯಲಿನುದ್ದಕ್ಕೂ ನಮ್ಮವರು ಗೆರೆ ಎಳೆದಿದ್ದಾರೆ. ಚಿಕ್ಕದೇವರಾಯ ನಾಲೆ, ವಿರಿಜಾ ನಾಲೆ, ಬಂಗಾರದೊಡ್ಡಿ ನಾಲೆ, ತಲಕಾಡಿನ ಹತ್ತಿರದ ಮಾಧವಮಂತ್ರಿ ನಾಲೆ. ಇವೆಲ್ಲ ಕನ್ನಂಬಾಡಿ ಕಟ್ಟೆಗಿಂತ ನೂರಾರು ವರ್ಷ ಹಳೆಯವು. ಆಮೇಲೆ ಬಂದದ್ದು ಎಲ್ಲಕ್ಕಿಂತ ದೊಡ್ಡ ವಿ.ಸಿ. ನಾಲೆ. ಆಗಿನ ವೈಸ್‌ರಾಯ್ ಹೆಸರಿನಲ್ಲಿ ಇರ್ವಿನ್ ನಾಲೆ ಆಗಿತ್ತು, ಈಗ ವಿಶ್ವೇಶ್ವರಯ್ಯ ನಾಲೆ. ಕಟ್ಟೆ ಕೆಲಸ 1911ರಲ್ಲಿ ಶುರುವಾಗಿ ಮುಗಿಯಲು ಇಪ್ಪತ್ತು ವರ್ಷ ಹಿಡಿಯಿತು. ನಾಲೆಗೆ ನೀರು ಬಂತು, 1933ರಲ್ಲಿ ಸಕ್ಕರೆ ಕಾರ್ಖಾನೆ ಬಂತು, 1939ರಲ್ಲಿ ಮಂಡ್ಯ ಬೇರೆ ಜಿಲ್ಲೆಯೇ ಆಯಿತು. ನಮ್ಮಜ್ಜಿ ಹಳೆಯ ಯಾವ ಸಂಗತಿ ಹೇಳಿದರೂ "ನಾಲೆ ಬರೋಕ್ ಮುಂಚೆ" ಅಥವಾ "ನಾಲೆ ಬಂದ್ ಮ್ಯಾಕೆ" ಅಂತಲೇ ಶುರುಮಾಡುತ್ತಿದ್ದುದು.

2024ರ ಸೆಪ್ಟೆಂಬರಿನಲ್ಲಿ, ಗಣೇಶನ ಹಬ್ಬ ಮುಗಿದ ಮರುದಿನ, ಕೆ.ಆರ್.ಎಸ್. ಕಡೆಯಿಂದ ವಿ.ಸಿ. ನಾಲೆಯ ಏರಿ, ಅಂದರೆ ಅದರ ದಡದ ಮೇಲಿನ ದಾರಿ, ಹಿಡಿದೆ. ಆ ವರ್ಷ ಕಟ್ಟೆ ತುಂಬಿತ್ತು. ಕಟ್ಟೆ ತುಂಬಿದ ಮಟ್ಟ 124.80 ಅಡಿ ಅನ್ನುವ ಸಂಖ್ಯೆ ಮಂಡ್ಯದ ಕಡೆ ಮಕ್ಕಳಿಗೂ ಬಾಯಿಪಾಠ. ನಾಲೆಯಲ್ಲಿ ದಡ ಮುಟ್ಟುವಷ್ಟು ನೀರು, ಕೆಂಪು ಬಣ್ಣ. ಏರಿ ಮೇಲೆ ಕೆಲವು ಕಡೆ ಡಾಂಬರು, ಕೆಲವು ಕಡೆ ಜಲ್ಲಿ, ಕೆಲವು ಕಡೆ ಬರೀ ಮಣ್ಣಿನ ಜಾಡು. ಗೇರ್ ಮುಟ್ಟಲಿಲ್ಲ. ನಿಜಕ್ಕೂ ಮುಟ್ಟಲಿಲ್ಲ. ಎರಡು ಗಂಟೆ ಒಂದೇ ಗೇರಿನಲ್ಲಿ ಹೋದೆ. ಗೆಳೆಯನಿಗೆ ಫೋಟೋ ಕಳಿಸಿದೆ. "ನಮ್ಮ ನಾಲೆ ಅಲ್ವೇನೋ ಅದು, ನಾವು ಬಿದ್ದು ಈಜು ಕಲಿತಿದ್ದು" ಅಂತ ಉತ್ತರ ಬಂತು.

ಏರಿ ಮೇಲೆ ಹೋಗುವಾಗ ಕಾಣುವ ಒಂದು ವಿಷಯ ಬೇರೆ ಎಲ್ಲೂ ಇಷ್ಟು ಸ್ಪಷ್ಟವಾಗಿ ಕಾಣಲಾರದು. ನಾಲೆಯ ಕೆಳಗಿನ ಕಡೆ ಭತ್ತ, ಕಬ್ಬು, ತೆಂಗು, ಕಣ್ಣು ಹೋಗುವಷ್ಟು ದೂರ ಹಸಿರು. ಮೇಲಿನ ಕಡೆ ರಾಗಿ, ಹುಣಸೆ ಮರ, ಜಾಲಿ, ಕುರಿ ಮೇಯುವ ಬೋಳು ನೆಲ. ನಡುವೆ ಇಪ್ಪತ್ತು ಅಡಿ ಅಗಲದ ಏರಿ, ನೀರು. ಈಗ ಮೇಲಿನ ಕಡೆಯೂ ಬೋರ್‌ವೆಲ್ ಹಾಕಿದ್ದಾರೆ, ಅಲ್ಲಲ್ಲಿ ತೆಂಗು ಬಂದಿದೆ, ಆದರೂ ಗೆರೆ ಅಳಿಸಿಲ್ಲ. ನೂರು ವರ್ಷದ ಹಿಂದೆ ಯಾರೋ ಓವರ್‌ಸೀಯರು ಮಟ್ಟ ನೋಡುವಾಗ ಒಂದು ಮಾರು ಮೇಲೆ ಗುರುತು ಹಾಕಿದ್ದರೆ ಗೆರೆಯಂಚಿನ ಮನೆ ಗದ್ದೆಯವರ ಮನೆ. ಒಂದು ಮಾರು ಕೆಳಗೆ ಹಾಕಿದ್ದರೆ ಬೆದ್ದಲಿನವರ ಮನೆ. ಮದುವೆ ಮಾತುಕತೆಯಲ್ಲಿ "ಗದ್ದೆ ಎಷ್ಟೈತೆ" ಅಂತ ಕೇಳುವ ಸೀಮೆಯಲ್ಲಿ ಆ ಒಂದು ಮಾರಿನ ಬೆಲೆ ಏನು ಅಂತ ನಾನು ಹೇಳಬೇಕಾಗಿಲ್ಲ.

ಇದನ್ನು ಓದಿ ಯಾರಾದರೂ ನಾಳೆಯೇ ಹೊರಟುಬಿಟ್ಟೀರಿ ಅಂತ ಒಂದು ಮಾತು. ಏರಿಗೆ ಎಷ್ಟೋ ಕಡೆ ತಡೆಗೋಡೆ ಇಲ್ಲ. 2018ರ ನವೆಂಬರಿನಲ್ಲಿ ಕನಗನಮರಡಿ ಹತ್ತಿರ ಬಸ್ಸೊಂದು ಇದೇ ನಾಲೆಗೆ ಬಿದ್ದು 30 ಜನ ಹೋದರು. ಸ್ಕೂಲಿನಿಂದ ಮನೆಗೆ ಹೋಗುತ್ತಿದ್ದ ಮಕ್ಕಳೂ ಅದರಲ್ಲಿದ್ದರು. ಆ ಮೇಲೂ ಕಾರುಗಳು ಬಿದ್ದ ಸುದ್ದಿ ಬರುತ್ತಲೇ ಇದೆ. ಆ ಜಾಗ ದಾಟುವಾಗ ಸೈಕಲ್ಲಿನಿಂದ ಇಳಿದು ತಳ್ಳಿಕೊಂಡು ಹೋದೆ. ಭಯಕ್ಕಲ್ಲ. ತುಳಿಯಲು ಮನಸ್ಸು ಬರಲಿಲ್ಲ.

ಬಾಳೆಕಂದು

ಇನ್ನೂ ಬೆಳಿಗ್ಗೆ ಎಂಟಾಗಿರಲಿಲ್ಲ, ನಾಲೆಯಲ್ಲಿ ಒಂದು ಬಾಳೆಕಂದು ತೇಲಿಕೊಂಡು ಹೋಗುತ್ತಿತ್ತು. ಗಣೇಶನ ಪಕ್ಕ ಕಟ್ಟಿದ್ದು, ಗಣೇಶನ ಜೊತೆ ಬಿಟ್ಟದ್ದು. ಬುಡಕ್ಕೆ ಚೆಂಡುಹೂವಿನ ಹಾರ ಸುತ್ತಿತ್ತು, ತುದಿಯಲ್ಲಿ ಒಂದೇ ಒಂದು ಎಲೆ ನೆಟ್ಟಗೆ ನಿಂತಿತ್ತು, ಹಾಯಿ ಥರ. ಒಂದು ನಿಮಿಷ ಜೊತೆಗೆ ಹೋಗಿ ಅದನ್ನು ಹಿಂದೆ ಹಾಕಿದೆ. ಮನುಷ್ಯ ನಡೆಯುವ ವೇಗ ಅದರದ್ದು. ಮುಂದೆ ಒಂದು ಸೇತುವೆ ಹತ್ತಿರ ಹೋಟೆಲ್ಲಿತ್ತು. ಇಡ್ಲಿ, ಎರಡು ವಡೆ, ಟೀ, ಅಂಗಡಿಯವರ ಮಗನಿಗೆ ಗೇರ್ ಹೇಗೆ ಕೆಲಸ ಮಾಡುತ್ತೆ ಅಂತ ತೋರಿಸಿದ್ದು, ಎಲ್ಲ ಸೇರಿ ಒಂದು ಗಂಟೆ ಆಯಿತು. ಮತ್ತೆ ಹತ್ತಿ ಹೊರಟು ಹತ್ತು ನಿಮಿಷಕ್ಕೆ ನೋಡುತ್ತೇನೆ, ಬಾಳೆಕಂದು ನನ್ನ ಮುಂದಿದೆ.

ಮತ್ತೆ ಹಿಂದೆ ಹಾಕಿದೆ. ಮತ್ತೆ ನಿಂತೆ. ಈ ಸಲ ಒಂದು ತೂಬಿನ ಹತ್ತಿರ, ನಾಲೆ ನೀರು ಹಂಚುವ ನೀರುಗಂಟಿಯೊಬ್ಬರು ಮೊಪೆಡ್ ನಿಲ್ಲಿಸಿ ಬೀಡಿ ಹಚ್ಚಿದ್ದರು. ಸೈಕಲ್ ಹ್ಯಾಂಡಲ್ ಮೇಲಿನ ಮೊಬೈಲ್ ನೋಡಿ, ಸರ್ವೆಯವರಾ ಅಂತ ಕೇಳಿದರು. ಅಲ್ಲ ಅಂದ ಮೇಲೆ ನಿರಾಳವಾಗಿ ಮಾತಾಡಿದರು. ರಾತ್ರಿ ಹೊತ್ತು ತೂಬು ಎತ್ತಿಬಿಡುವವರ ಕಾಟ. ಕೊನೆಯ ಊರಿನವರು ಫೋನ್ ಮಾಡಿ ಬೈಯ್ಯುವುದು. ಸರದಿ ಮೇಲೆ ನೀರು ಬಿಡುವ ಕಟ್ಟು ನೀರಿನ ಕಾಲದಲ್ಲಿ ಹದಿನೈದು ದಿನಕ್ಕೊಮ್ಮೆ ನಡೆಯುವ ಪಂಚಾಯ್ತಿ. "ಮ್ಯಾಲ್ಗಡೆ ತೂಬಿನೋರು ದೇವ್ರು, ಕೆಳಗಡೆ ತೂಬಿನೋರು ಭಿಕ್ಷುಕ್ರು ಸಾರ್. ನೀರು ಒಂದೇಯ" ಅಂದರು. ನೀರು ಇಲ್ಲಿಂದ ಮುಂದಿನ ಊರಿಗೆ ಎಷ್ಟು ಹೊತ್ತಿಗೆ ಮುಟ್ಟುತ್ತೆ ಅಂತ ಕೇಳಿದೆ. ಅವರು ನಾಲೆ ನೋಡಿದರು, ಗಡಿಯಾರ ನೋಡಲಿಲ್ಲ. "ಆ ಬಾಳೆಕಂದು ಬತ್ತಾ ಐತಲ್ಲ, ಅದು ಸುರಂಗದ ತಾವ ಹೋಗೋ ಹೊತ್ಗೆ ಊಟದ ಹೊತ್ತು." ಅವರಿಗೂ ಅದು ಕಂಡಿತ್ತು.

ಆಮೇಲೆ ಜಾಲಿ ಮುಳ್ಳು. ಏರಿ ಮೇಲೆ ಹೋದರೆ ಇದು ತಪ್ಪಿದ್ದಲ್ಲ, ಎರಡೂ ಕಡೆ ಬಳ್ಳಾರಿ ಜಾಲಿ ಬೆಳೆದಿರುತ್ತದೆ. ಎರಡೆರಡು ಟ್ಯೂಬ್ ಇಟ್ಟುಕೊಂಡಿದ್ದೆ, ಆದರೆ ಟೈರಿನೊಳಗೆ ಮುರಿದು ಕೂತ ಮುಳ್ಳಿನ ತುದಿ ನೋಡದೆ ಹೊಸ ಟ್ಯೂಬ್ ಹಾಕಿದೆ, ಅದೂ ಹೋಯಿತು. ಬಿಸಿಲಲ್ಲಿ ಕೂತು, ಟೈರಿನ ಒಳಗೆ ಬೆರಳಾಡಿಸಿ ಆ ತುದಿ ಹುಡುಕಿ, ಉಗುರಿನಿಂದ ಕೀಳುವಷ್ಟರಲ್ಲಿ ಬಾಳೆಕಂದು ಬಂತು. ನನ್ನ ಮುಂದೆ ನಿಧಾನಕ್ಕೆ ಒಂದು ಸುತ್ತು ತಿರುಗಿತು. ಹಾರದ ಅರ್ಧ ಹೂವು ಎಲ್ಲೋ ಉದುರಿತ್ತು. ಹೋಯಿತು.

ಹುಲಿಕೆರೆ ಹತ್ತಿರ ನಾಲೆಗೆ ಅಡ್ಡವಾಗಿ ದೊಡ್ಡ ದಿಣ್ಣೆ. ಇಲ್ಲಿ ಸುತ್ತಿ ಹೋಗುವ ದಾರಿ ಇಲ್ಲ ಅಂತ ಆ ಕಾಲದಲ್ಲೇ ನೆಲದೊಳಗೆ ಎರಡೂವರೆ ಕಿಲೋಮೀಟರಿಗೂ ಉದ್ದ ಸುರಂಗ ಕೊರೆದಿದ್ದಾರೆ. ಆಚೆ ಕಡೆ ಹೊರಬಂದ ನೀರೇ ಮಂಡ್ಯ, ಮದ್ದೂರು, ಮಳವಳ್ಳಿ ಕಡೆಗೆ ಹಂಚಿಹೋಗುವುದು. ಸುರಂಗದ ಬಾಯಿಗೆ ತೀರಾ ಹತ್ತಿರ ಹೋಗಲಿಲ್ಲ, ಸ್ವಲ್ಪ ಹಿಂದೆ ಒಂದು ಹೊಂಗೆ ನೆರಳಿನಲ್ಲಿ ಸೈಕಲ್ ನಿಲ್ಲಿಸಿ ಕೂತೆ. ಕಟ್ಟಿಸಿಕೊಂಡು ಬಂದಿದ್ದ ಚಿತ್ರಾನ್ನ ಬಿಚ್ಚಿದೆ. ನೀರುಗಂಟಿ ಹೇಳಿದ ಹೊತ್ತಿಗೆ ಸರಿಯಾಗಿ, ಅಂದರೆ ನಾನು ಕೈ ತೊಳೆಯುವ ಹೊತ್ತಿಗೆ, ತಿರುವಿನಲ್ಲಿ ಆ ಒಂಟಿ ಎಲೆ ಕಾಣಿಸಿತು. ಅದೇ ಕಂದು ಅಂತ ನನ್ನ ನಂಬಿಕೆ. ಹಾರ ಪೂರ್ತಿ ಹೋಗಿತ್ತು, ದಾರ ಮಾತ್ರ ಇತ್ತು. ಕತ್ತಲೆ ಕಡೆಗೆ ಅದೇ ವೇಗದಲ್ಲಿ, ಅದೇ ಮಟ್ಟದಲ್ಲಿ ಹೋಯಿತು.

ದಾರಿ ಮಾತ್ರ ದಿಣ್ಣೆ ಮೇಲೆ ಹೋಗುತ್ತದೆ. ಬೆಳಗಿನಿಂದ ಮುಟ್ಟದ ಗೇರನ್ನು ಎಲ್ಲಕ್ಕಿಂತ ಚಿಕ್ಕದಕ್ಕೆ ಇಳಿಸಿಕೊಂಡು ಹತ್ತತೊಡಗಿದೆ.